ಕಲ್ಲಂಗಿ ಹುಳ

ಆದಿತ್ಯವಾರ ಮುಂಜಾನೆ ಎಂಟರ ಸುಮಾರಿಗೆ ಶೇಖವ್ವ ತನ್ನ ಮನೆಯ ಪಡಸಾಲೆಯಲ್ಲಿದ್ದ ಮೀನಿನ ಪೆಟ್ಟಿಗೆಯೊಳಗೆ ಒಂದು ಕಡ್ಡಿ ನಡೆದು ಹೋಗುವುದನ್ನು ಕಂಡಳು.

ಮೊದಲಿಗೆ ಆಕೆ ತನ್ನ ಕಣ್ಣನ್ನೇ ನಂಬಲಿಲ್ಲ. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು. ಬೆಂಕಿಕಡ್ಡಿಗಿಂತ ತುಸು ದಪ್ಪ, ಉಗುರಿನಷ್ಟು ಉದ್ದ, ಮೈತುಂಬ ಕೆಂಪು ಉಸುಕು ಮೆತ್ತಿಕೊಂಡ ಸಣ್ಣ ಕೊಳವೆಯೊಂದು ಕಲ್ಲಿನ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಅದರ ತುದಿಯಿಂದ ಕರಿಯ ತಲೆಯೊಂದು ಹೊರಗೆ ಬಂತು, ಅತ್ತಿತ್ತ ನೋಡಿತು, ಬಾಡಿಗೆ ಕೇಳಲು ಬಂದ ಮಾಲಕನನ್ನು ಕಂಡವರ ಹಾಗೆ ತಟ್ಟನೆ ಒಳಗೆ ಸೇರಿಕೊಂಡಿತು. ನೋಡುತ್ತ ಹೋದರೆ ಅಂಥವು ಒಂದಲ್ಲ ಎರಡಲ್ಲ, ಹನ್ನೊಂದು ಇದ್ದವು. ಪೆಟ್ಟಿಗೆಯ ಆಚೆ ಬದಿಗೆ ಆಕೆಯ ಒಂದೂವರೆ ವರ್ಷದ ಮಗ ಸಂಗು ಕುರ್ಚಿ ಹತ್ತಿ ನಿಂತು, ಮೊಳಕೈವರೆಗೂ ನೀರಿಗೆ ಕೈ ಬಿಟ್ಟು, ಹನ್ನೆರಡನೆಯದನ್ನು ಹಿಡಿಯುವ ಪ್ರಯತ್ನದಲ್ಲಿದ್ದ.

ಶೇಖವ್ವ ಕೂಗಾಡುವ ಹೆಂಗಸಲ್ಲ. ಮಗನನ್ನು ಬಗಲಿಗೇರಿಸಿಕೊಂಡು, ಹಿತ್ತಲಲ್ಲಿ ಕನ್ನಡಿ ಸಿಗಿಸಿಕೊಂಡು ದಾಡಿ ಮಾಡುತ್ತಿದ್ದ ಗಂಡನ ಹಿಂದೆ ಹೋಗಿ ನಿಂತಳು.

"ನಿಮ್ಮ ಪೆಟ್ಟಿಗ್ಯಾಗ ಹುಳ ಆಗ್ಯಾವು. ಯಾವ ಹುಳ ಅವು?"

ಇಲ್ಲಿ ಶಿವಸಂಗಪ್ಪ ಮಾಸ್ತರ "ಗೊತ್ತಿಲ್ಲ" ಎಂದುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನು ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕಲಿತದ್ದು ರಸಾಯನಶಾಸ್ತ್ರ, ಜೀವ ಇರುವ ಯಾವ ವಸ್ತುವಿನ ಬಗ್ಗೆಯೂ ಅವನಿಗೆ ಹೆಚ್ಚಿನ ಮಾಹಿತಿ ಇರಲಿಲ್ಲ. ಆದರೂ ಹನ್ನೊಂದು ವರ್ಷದ ನೌಕರಿಯಲ್ಲಿ "ಗೊತ್ತಿಲ್ಲ" ಎಂಬ ಶಬ್ದ ಅವನ ಬಾಯಿಂದ ಹೊರಬಿದ್ದದ್ದನ್ನು ಕೇಳಿದವರಿಲ್ಲ.

"ನೀರಾಗಿನ ಹುಳ ಅವು," ಎಂದ ಗಂಭೀರವಾಗಿ.

"ನೀರಾಗ ಇದ್ದದ್ದು ನೀರಾಗಿನ ಹುಳಾನ. ಅದಕ್ಕ ನಿಮ್ಮಷ್ಟು ಕಲೀಬೇಕಾಗಿಲ್ಲ. ಹೆಸರೇನು, ಹುಡುಗಗ ಏನರ ಮಾಡ್ತಾವೋ ಇಲ್ಲೋ, ಅದನ್ನ ಹೇಳ್ರಿ."

ಮಾಸ್ತರ ಬಾಯಿಗೆ ಬಂದ ಸೋಪಿನ ನೊರೆಯನ್ನು ಉಗುಳುವ ನೆಪದಲ್ಲಿ ಅತ್ತ ತಿರುಗಿದ.

ಆ ಪೆಟ್ಟಿಗೆಯ ಮೇಲೆ ಅವನಿಗೆ ಇದ್ದ ಪ್ರೀತಿಯನ್ನು ಇಲ್ಲಿ ಹೇಳಲೇಬೇಕು. ಯಾವುದೋ ಕ್ಯಾಲೆಂಡರಿನಲ್ಲಿ ಸಮುದ್ರದೊಳಗಿನ ಹವಳದ ಬಂಡೆಗಳ ಬಣ್ಣದ ಚಿತ್ರ ನೋಡಿ ಮರುಳಾದ ಮನುಷ್ಯ ಅವನು. ಇಳಕಲ್ಲಿಗೆ ಸಮುದ್ರ ಬರುವುದು ಸಾಧ್ಯವಿಲ್ಲದ್ದರಿಂದ, ಕಬ್ಬಿಣದ ಪಟ್ಟಿಗೆ ಕಿಟಕಿಯ ಗಾಜು ಕೂರಿಸಿ ಪೆಟ್ಟಿಗೆ ಮಾಡಿಸಿ, ಬಾಗಲಕೋಟೆಯಿಂದ ಎರಡು ಕೆಂಪು ಮೀನು, ಒಂದು ಕರಿ ಮೀನು ತಂದು ಬಿಟ್ಟಿದ್ದ. ನಡುವೆ ಚಿತ್ರದಲ್ಲಿದ್ದ ಹಾಗೆಯೇ ಕಲ್ಲಿನ ಮೇಲೆ ಕಲ್ಲಿಟ್ಟು ನೀರೊಳಗೆ ಒಂದು ಗುಡ್ಡ ಮಾಡಿದ್ದ. ಆ ಕಲ್ಲುಗಳು ಒಂದು ತಿಂಗಳ ಹಿಂದೆ ಬಂದವು. ಮರೋಳದ ಕಾಲುವೆಯ ದಂಡೆಯಿಂದ ತಂದದ್ದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದಿನಾ ಸಂಜೆ ಸಾಲಿಯಿಂದ ಬಂದು, ಚಹಾದ ಬಟ್ಟಲು ಹಿಡಿದು ಆ ಗುಡ್ಡದ ಮುಂದೆ ಅರ್ಧ ತಾಸು ಕೂತನೆಂದರೆ ಅವನಿಗೆ ಜಗತ್ತಿನ ಮೇಲೆ ಯಾವ ತಕರಾರೂ ಇರುತ್ತಿರಲಿಲ್ಲ.

ಶೇಖವ್ವನಿಗೆ ಮಾತ್ರ ಜಗತ್ತಿನ ಮೇಲೆ ತಕರಾರು ಇತ್ತು. ಸರಿಯಾಗಿ ಹೇಳಬೇಕೆಂದರೆ ಮರೋಳದಲ್ಲಿದ್ದ ತನ್ನ ಅಣ್ಣ ಕಾಶಪ್ಪನ ಮೇಲೆ. ಹೋದ ತಿಂಗಳು ಸಂಗುವಿನ ಜವಳ ತೆಗೆದರು. ಮಗುವಿನ ಹುಟ್ಟುಗೂದಲಿಗೆ ಮೊದಲ ಕತ್ತರಿ ಹಿಡಿಯಬೇಕಾದವನು ಸೋದರಮಾವ. ಅವನನ್ನು ಕರೆಯುವ ಹೇಳಿಕೆ ಕೊಡಲು ಸ್ವತಃ ಗಂಡನನ್ನೇ ಎಲೆ-ಅಡಿಕೆ ಕೊಟ್ಟು ಮರೋಳಕ್ಕೆ ಕಳಿಸಿದ್ದಳು. ಆದರೆ ಕಾಶಪ್ಪ, ಹೊಲಕ್ಕೆ ನೀರು ಬಿಡುವ ಪಾಳಿ ಇದೆ, ಬರಲಿಕ್ಕಾಗುವುದಿಲ್ಲ ಎಂದನಂತೆ. ಬರಲೂ ಇಲ್ಲ. ಓಣಿಯ ಹೆಂಗಸರೆಲ್ಲ "ಮಾವ ಎಲ್ಲಿ" ಎಂದು ಕೇಳುವಾಗ ಶೇಖವ್ವ ನೆಲ ನೋಡಿದ್ದಳು. ಆವತ್ತಿನಿಂದ ಆಕೆಯ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಅಣ್ಣ ಎದುರಿಗಿಲ್ಲದ್ದರಿಂದ ಅದು ಎದುರಿಗಿದ್ದವರ ಪಾಲಿಗೆ ಬರುತ್ತಿತ್ತು.

"ದೀಪಾ ಹಚ್ಚೂತನಕ ಟೈಮ್ ಐತಿ," ಎಂದಳು. "ಅಷ್ಟರಾಗ ಇದು ಇಂಥಾ ಹುಳ, ಇದರಿಂದ ಏನೂ ತ್ರಾಸಿಲ್ಲ ಅಂತ ತಿಳಿದವ್ರ ಕಡಿಂದ ಹೇಳಿಸ್ರಿ. ಇಲ್ಲಂದ್ರ ದೀಪಾ ಹಚ್ಚೂ ಹೊತ್ತಿಗೆ ಆ ಪೆಟ್ಟಿಗಿ ಮನಿಯಿಂದ ಹೊರಗ."

ಇದನ್ನೆಲ್ಲ ಗೋಡೆಯ ಆಚೆಯಿಂದ ಕೇಳಿಸಿಕೊಂಡ ಬಸಲಿಂಗವ್ವ ಕರೆಯದೆಯೇ ಬಂದಳು. ಪಕ್ಕದ ಮನೆಯ ಈ ಮುದುಕಿಗೆ ಎಪ್ಪತ್ತು ದಾಟಿತ್ತು. ಪೆಟ್ಟಿಗೆಗೆ ಮೂಗು ಹಚ್ಚಿ ನೋಡಿ, ನಿಟ್ಟುಸಿರು ಬಿಟ್ಟು, ಸೀರೆಯನ್ನು ತುಸು ಮೇಲೆತ್ತಿ ತನ್ನ ಎಡಗಾಲಿನ ಹಳೆಯ ಕಲೆ ತೋರಿಸಿದಳು. ಅದು ನಾರುಹುಣ್ಣಿನ ಕಲೆ. ಬಾವಿಯ ನೀರಿನಲ್ಲಿ ಹೊಟ್ಟೆ ಸೇರಿದ ಹುಳ ವರ್ಷದ ಮೇಲೆ ಕಾಲು ಒಡೆದುಕೊಂಡು ಮೊಳದುದ್ದದ ದಾರವಾಗಿ ಹೊರಗೆ ಬಂದದ್ದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೊಂದು ಬೆರಳಷ್ಟು ಎಳೆದದ್ದು, ಎಲ್ಲವನ್ನೂ ಆಕೆ ವಿವರಿಸಿದಳು. ಆ ಕತೆ ಓಣಿಗೆಲ್ಲ ಬಾಯಿಪಾಠವಾಗಿತ್ತು. ಆದರೆ ಇವತ್ತು ಶೇಖವ್ವ ಅದನ್ನು ಮೊದಲ ಸಲ ಕೇಳುವವಳ ಹಾಗೆ ಕೇಳಿದಳು.

"ಇವು ಅದರ ಮರಿ," ಎಂದು ಬಸಲಿಂಗವ್ವ ತೀರ್ಪು ಕೊಟ್ಟಳು. "ಈಗ ಸಣ್ಣವು ಅದಾವು. ಬೆಳೀತಾವು."

ಶಿವಸಂಗಪ್ಪ ಅಡಿಗೆಮನೆಗೆ ಹೋಗಿ ಬಂದ. ಚಮಚೆಯಿಂದ ಒಂದು ಹುಳವನ್ನು ಎತ್ತಿ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ದವಾಖಾನೆಯ ಕಡೆ ಹೊರಟ.

ಆದಿತ್ಯವಾರ ಡಾಕ್ಟರು ಊರಲ್ಲಿರುತ್ತಿರಲಿಲ್ಲ. ಅವತ್ತು ಆ ಖಾಸಗಿ ದವಾಖಾನೆಗೆ ಕಂಪೌಂಡರ್ ಕಲ್ಲಪ್ಪನೇ ದೊರೆ. ಕಟ್ಟಿಗೆಯ ಬಾಂಕಿನ ಮೇಲೆ ಏಳೆಂಟು ಜನ ಕೂತಿದ್ದರು. ಕಲ್ಲಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ, ಮಾಸ್ತರನ ಮುಖ ನೋಡಿದ, ಮತ್ತೆ ಬಾಟಲಿ ನೋಡಿದ.

"ಎಷ್ಟ ದಿನದಿಂದ ಬೀಳಾಕ ಹತ್ತ್ಯಾವು?"

ಮಾಸ್ತರನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಬೆಳಿಗ್ಗೆಯೇ ಕಂಡದ್ದು, ಹನ್ನೊಂದು ಇವೆ, ಇದು ಅದರಲ್ಲೊಂದು ಎಂದ. ಬಾಂಕಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ಎಂದದ್ದನ್ನು ಕೇಳಿ ಕಲ್ಲಪ್ಪನ ಮುಖದಲ್ಲಿ ಒಂದು ಬಗೆಯ ಗೌರವ ಮೂಡಿತು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಹೊಟ್ಟೆಯೊಳಗೆ ಉಸುಕಿನ ಅಂಗಿ ತೊಟ್ಟು ಕೂತ ಹುಳವನ್ನು ತಾನು ನೋಡಿಲ್ಲ, ಮಾಸ್ತರ ಮಣ್ಣು ತಿನ್ನುವ ಚಟ ಬಿಡಬೇಕು ಎಂದು ಬುದ್ಧಿ ಹೇಳುತ್ತಲೇ ಎರಡು ಔನ್ಸಿನ ಲೋಟ ತುಂಬಿಸಿದ.

ಇದು ಮೀನಿನ ಪೆಟ್ಟಿಗೆಯ ಹುಳ ಎಂದು ಶಿವಸಂಗಪ್ಪ ಎರಡು ಸಲ ಹೇಳಿದ. ಕಲ್ಲಪ್ಪ ನಂಬಲಿಲ್ಲ. ಅವನ ಅನುಭವದಲ್ಲಿ ಕಲಿತವರು ಯಾವತ್ತೂ ತಮ್ಮ ರೋಗವನ್ನು ಬೇರೆಯವರದ್ದು ಎಂದೇ ಹೇಳುತ್ತಿದ್ದರು. ಹಿಂದಿನಿಂದ ಪಾಳಿಯವರು, ನಾಚುವುದೇಕೆ, ಕುಡಿದುಬಿಡಿ, ನಮಗೂ ಹೊತ್ತಾಗುತ್ತದೆ ಎಂದು ಒತ್ತಾಯಿಸಿದರು. ಎಂಟು ಜನರ ಎದುರಿಗೆ ವಾದ ಬೆಳೆಸುವುದಕ್ಕಿಂತ ಕುಡಿದು ಪಾರಾಗುವುದೇ ಮೇಲೆನಿಸಿ ಮಾಸ್ತರ ಕಣ್ಣು ಮುಚ್ಚಿ ಲೋಟ ಎತ್ತಿದ. ಮೊದಲನೆಯದು ಹುಳದ ಔಷಧ. ಅದರ ಬೆನ್ನಿಗೆ ಬಂದದ್ದು ಹೊಟ್ಟೆ ತೊಳೆಯುವ ಔಡಲೆಣ್ಣೆ.

"ಗಡಿಬಿಡಿ ಇಲ್ಲ ಇದಕ್ಕ," ಎಂದ ಕಲ್ಲಪ್ಪ ಬಾಟಲಿ ತಿರುಗಿ ಕೊಡುತ್ತ. "ಎಂಟ ತಾಸಿನ ಮ್ಯಾಲ ಕೆಲಸ ಚಾಲೂ ಮಾಡ್ತೈತಿ. ಸಂಜೀ ಮುಂದ ಮನೀ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ."

ಗೋಡೆಯ ಗಡಿಯಾರದಲ್ಲಿ ಆಗ ಹತ್ತೂವರೆ.

ಮಾಸ್ತರ ನೇಕಾರರ ಓಣಿಯಿಂದ ಹಾದು ಮನೆಗೆ ಬರಬೇಕಿತ್ತು. ಅವನಿಗಿಂತ ಮೊದಲೇ ಸುದ್ದಿ ಹಾದುಹೋಗಿತ್ತು. ಕಟ್ಟೆಯ ಮೇಲೆ ಕೂತು ನೂಲಿಗೆ ಗಂಜಿ ಹಾಕುತ್ತಿದ್ದವರು ಕೆಲಸ ನಿಲ್ಲಿಸಿ, ಈಗ ಹೇಗಿದೆ ಎಂದು ವಿಚಾರಿಸಿದರು. ಅವರಲ್ಲಿ ಅಮಾತೆಪ್ಪ ಎಂಬುವನು ಎದ್ದು ಬಂದು ಬಾಟಲಿಯನ್ನೇ ಕೈಗೆ ತೆಗೆದುಕೊಂಡ. ರೇಷ್ಮೆ ಸೆರಗಿನ ಕೆಲಸದಲ್ಲಿ ಅವನನ್ನು ಸರಿಗಟ್ಟುವವರು ಓಣಿಯಲ್ಲಿ ಇರಲಿಲ್ಲ. ನಲವತ್ತು ವರ್ಷ ಎಳೆ ಹಿಡಿದ ಬೆರಳು ಅವು. ಕೊಳವೆಯ ತುದಿಯಲ್ಲಿ ಉಸುಕಿನ ಹರಳುಗಳ ನಡುವೆ ಜೇಡನ ಬಲೆಗಿಂತ ಸಣ್ಣದೊಂದು ಎಳೆ ಇದ್ದದ್ದು ಅವನ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಿತು.

ಹುಳಕ್ಕೆ ನೋವಾಗದ ಹಾಗೆ ಆ ಎಳೆಯನ್ನು ಬಿಡಿಸಿ, ತುಟಿಗೆ ಹಚ್ಚಿ, ಅಂಗಿಯ ಬಗಲಿಗೆ ಒರೆಸಿ ಒಣಗಿಸಿದ. ಆಮೇಲೆ ಬೆಂಕಿಕಡ್ಡಿ ಗೀರಿದ. ಇಳಕಲ್ಲಿನಲ್ಲಿ ರೇಷ್ಮೆಯ ಅಸಲಿ-ನಕಲಿ ತೀರ್ಮಾನವಾಗುವುದು ಹೀಗೆ. ನಕಲಿ ಎಳೆ ಸುಟ್ಟರೆ ಕಾಗದದ ವಾಸನೆ, ಅಸಲಿ ಸುಟ್ಟರೆ ಕೂದಲಿನ ವಾಸನೆ. ಇದಕ್ಕೆ ಮೇಲೆ ಅಪೀಲು ಇಲ್ಲ.

ಅಮಾತೆಪ್ಪ ಮೂಸಿ ನೋಡಿದ. ಪಕ್ಕದವನಿಗೆ ಕೊಟ್ಟ. ಅವನೂ ಮೂಸಿದ. ಹತ್ತು ಮೂಗುಗಳನ್ನು ದಾಟಿ ಆ ಸುಟ್ಟ ಎಳೆ ಮತ್ತೆ ಅಮಾತೆಪ್ಪನ ಕೈಗೆ ಬಂದಾಗ ಓಣಿಯಲ್ಲಿ ಮಗ್ಗದ ಸಪ್ಪಳ ಪೂರ್ತಿ ನಿಂತಿತ್ತು.

"ರೇಷ್ಮಿ," ಎಂದ ಅಮಾತೆಪ್ಪ. "ನೀರಾಗಿನ ರೇಷ್ಮಿ ಹುಳ. ಹಿಪ್ಪನೇರಳಿ ತಪ್ಪಲಾ ಬ್ಯಾಡ, ಸಾಕೂ ಖಟಿಪಿಟಿ ಇಲ್ಲ. ಹೌದಿಲ್ರಿ ಮಾಸ್ತರ?"

ಒಂದು ಕಡೆ ಬಸಲಿಂಗವ್ವನ ನಾರುಹುಣ್ಣು, ಇನ್ನೊಂದು ಕಡೆ ಹೊಟ್ಟೆಯ ಹುಳ. ನಡುವೆ ರೇಷ್ಮೆ ಎಂಬ ಮರ್ಯಾದೆಯ ಹಾದಿ ತಾನಾಗಿ ತೆರೆದಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಶಿವಸಂಗಪ್ಪ ಗಂಟಲು ಸರಿಮಾಡಿಕೊಂಡು, ವಿಜ್ಞಾನದಲ್ಲಿ ಇದಕ್ಕೆ ಜಲರೇಷ್ಮೆ ಎನ್ನುತ್ತಾರೆ, ಇವತ್ತೇ ಎಲ್ಲರಿಗೂ ತಿಳಿಸಬೇಕೆಂದು ಇದ್ದೆ ಎಂದುಬಿಟ್ಟ. ಆ ಶಬ್ದವನ್ನು ಅವನೂ ಆಗಲೇ ಮೊದಲ ಸಲ ಕೇಳಿದ್ದು.

ಮಧ್ಯಾಹ್ನವಾಗುವಷ್ಟರಲ್ಲಿ ಅವನ ಮನೆ ಮನೆಯಾಗಿ ಉಳಿಯಲಿಲ್ಲ. ಪಡಸಾಲೆಯ ತುಂಬ ನೇಕಾರರು, ಬಾಗಿಲ ತುಂಬ ಅವರ ಹೆಂಡಂದಿರು. ಯಾರೋ ರಾಟೆ ಹೊತ್ತುಕೊಂಡು ಬಂದಿದ್ದರು. ಯಾರೋ ಪೆಟ್ಟಿಗೆಯ ಗಾಜಿಗೆ ಅರಿಷಿಣ-ಕುಂಕುಮ ಹಚ್ಚಿದ್ದರು, ಕೆಂಪು ಮೀನೊಂದು ಅದರ ಹಿಂದೆ ನಿಂತು ಗಾಬರಿಯಿಂದ ಬಾಯಿ ಬಡಿಯುತ್ತಿತ್ತು. ಬಸಲಿಂಗವ್ವ, ತಾನು ಮುಂಜಾನೆಯೇ ಇದರೊಳಗೆ ದಾರ ಇದೆ ಎಂದಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಊಟದ ಹೊತ್ತಿಗೆ ಅಮಾತೆಪ್ಪ ಒಂದು ತಾಮ್ರದ ಹಂಡೆ ತರಿಸಿದ. ರೇಷ್ಮೆಯ ಗೂಡಿನಿಂದ ನೂಲು ಬಿಚ್ಚಬೇಕೆಂದರೆ ಕುದಿಯುವ ನೀರು ಬೇಕು, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಹುಳಗಳನ್ನು ಒಂದೊಂದಾಗಿ ಆರಿಸುವುದಕ್ಕಿಂತ ಕಲ್ಲು ಸಮೇತ ಎತ್ತಿ ಹಾಕುವುದು ಸಲೀಸು ಎಂದು ಒಬ್ಬ. ಪೆಟ್ಟಿಗೆಯ ನೀರೆಲ್ಲ ಹಂಡೆಗೆ ಸುರಿದರೆ ಒಂದು ಹುಳವೂ ತಪ್ಪುವುದಿಲ್ಲ ಎಂದು ಇನ್ನೊಬ್ಬ. ಮೀನುಗಳ ಮಾತು ಯಾರೂ ಎತ್ತಲಿಲ್ಲ. ಶಿವಸಂಗಪ್ಪ ಪೆಟ್ಟಿಗೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತ. ಲಿಂಗ ಕಟ್ಟಿದವರ ಮನೆಯಲ್ಲಿ ಜೀವ ಕುದಿಸುವುದೆಂದರೇನು ಎಂದು ಕೇಳಿದ. ಹಾಗಾದರೆ ತಮ್ಮ ಮನೆಗೆ ಒಯ್ಯುತ್ತೇವೆ ಎಂದರು.

ಶೇಖವ್ವ ಮಾತ್ರ ಈ ಗದ್ದಲದಲ್ಲಿ ಒಂದು ಹೆಜ್ಜೆಯೂ ಅತ್ತಿತ್ತ ಸರಿದಿರಲಿಲ್ಲ. ಸಂಗುವನ್ನು ಬಗಲಲ್ಲಿಟ್ಟುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು.

"ರೇಷ್ಮಿ ಇದ್ರ ಇರ್ಲಿ, ಬಂಗಾರ ಇದ್ರ ಇರ್ಲಿ. ಹುಡುಗಗ ತ್ರಾಸ ಐತೋ ಇಲ್ಲೋ ಅಂತ ಇನ್ನೂ ಯಾರೂ ಹೇಳಿಲ್ಲ. ದೀಪಾ ಹಚ್ಚಾಕ ಇನ್ನ ಮೂರ ತಾಸ ಉಳದಾವು."

ಈ ಸಂಕಟದಲ್ಲಿ ದೇವರು ಬಂದ ಹಾಗೆ ಬಂದವನು ಡ್ರಾಯಿಂಗ್ ಮಾಸ್ತರ ಜಲಾಲುದ್ದೀನ. ಶಿವಸಂಗಪ್ಪನ ಜೀವದ ಗೆಳೆಯ; ಒಂದೇ ಸಾಲಿ, ಒಂದೇ ಚಹಾದಂಗಡಿ. ಅವನ ಹಿಂದೆ ಅವನ ತಂಗಿ ಅಲೀಮಾ ಇದ್ದಳು. ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಕೆ, ಅಣ್ಣನ ಮನೆಗೆ ಸೂಟಿ ಕಳೆಯಲು ಬಂದಿದ್ದವಳು, ಜಲರೇಷ್ಮೆಯ ಸುದ್ದಿ ಕೇಳಿ ತಡೆಯಲಾಗದೆ ಹೊರಟುಬಂದಿದ್ದಳು. ಶಿವಸಂಗಪ್ಪನಿಗೆ ಆಕೆಯ ಕಾಲು ಹಿಡಿಯುವುದೊಂದು ಬಾಕಿ. ಪ್ರಾಣಿಶಾಸ್ತ್ರದವರು ಬಾಯಿಬಿಟ್ಟು ಹೇಳಿದರೆ ಪೆಟ್ಟಿಗೆ ಉಳಿಯುತ್ತದೆ, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಅಲೀಮಾ ಜನರನ್ನು ಸರಿಸಿ, ಪೆಟ್ಟಿಗೆಯ ಮುಂದೆ ಮಂಡಿಯೂರಿ, ಚೀಲದಿಂದ ಭೂತಗನ್ನಡಿ ತೆಗೆದಳು. ಬಹಳ ಹೊತ್ತು ನೋಡಿದಳು. ಅಷ್ಟು ಜನರಿದ್ದ ಪಡಸಾಲೆಯಲ್ಲಿ ಮಾಸ್ತರನ ಹೊಟ್ಟೆಯ ಗುಡುಗುಡು ಬಿಟ್ಟರೆ ಬೇರೆ ಸಪ್ಪಳ ಇರಲಿಲ್ಲ.

"ವೈನಿ, ನೀವು ಮೊದಲ ಇಲ್ಲಿ ಬರ್ರಿ," ಎಂದು ಆಕೆ ಶೇಖವ್ವನನ್ನೇ ಕರೆದಳು. "ಇದು ನಾರುಹುಣ್ಣಿನ ಹುಳ ಅಲ್ಲ. ಕಡಿಯೂದಿಲ್ಲ, ಹೊಟ್ಟಿಗೆ ಇಳಿಯೂದಿಲ್ಲ. ನಿಮ್ಮ ಹುಡುಗ ಕೈಯಾಗ ಹಿಡದ್ರೂ ಚಿಂತಿಲ್ಲ. ಪತಂಗದಂಥಾ ಒಂದು ಹುಳದ ಮರಿ ಇದು. ದೊಡ್ಡದಾದ ಮ್ಯಾಲ ರೆಕ್ಕಿ ಬಂದು ಹಾರಿ ಹೋಗ್ತೈತಿ. ಅಲ್ಲೀತನಕ ಮೈ ಮುಚ್ಚಿಕೊಳ್ಳಾಕ ಒಂದು ಮನಿ ಕಟಗೊಂಡು, ಅದನ್ನ ಹೊತಗೊಂಡು ತಿರಗತೈತಿ."

ಶೇಖವ್ವ ಕನ್ನಡಿಯಲ್ಲಿ ನೋಡಿದಳು. ಹುಳ ತನ್ನ ಬಾಗಿಲಲ್ಲಿ ಕೂತು, ಮುಂಗಾಲಿನಿಂದ ಒಂದು ಉಸುಕಿನ ಹರಳು ಎತ್ತಿ, ತಿರುಗಿಸಿ ನೋಡಿ, ಬೇಡವೆಂದು ಬಿಟ್ಟು, ಇನ್ನೊಂದನ್ನು ಎತ್ತಿ ಗೋಡೆಗೆ ಕೂರಿಸುತ್ತಿತ್ತು. ಆಕೆಯ ಮುಖದಲ್ಲಿ ಒಂದು ತಿಂಗಳಿಂದ ಕಾಣದಿದ್ದ ನಗೆ ಕಾಣಿಸಿತು.

"ಮತ್ತ ರೇಷ್ಮಿ?" ಎಂದು ಅಮಾತೆಪ್ಪ ಹಿಂದಿನಿಂದ ಕೇಳಿದ.

ಅಲೀಮಾ ಅವನತ್ತ ಗೌರವದಿಂದಲೇ ನೋಡಿದಳು. ಆ ಎಳೆ ರೇಷ್ಮೆಯೇ, ಹುಳ ಬಾಯಿಂದ ತೆಗೆದು ಅದರಿಂದಲೇ ಉಸುಕು ಹೊಲಿಯುತ್ತದೆ, ಆದರೆ ಒಂದು ಸೆರಗು ನೇಯಬೇಕೆಂದರೆ ಹುಳ ಸಾಕುವಷ್ಟರಲ್ಲಿ ಮೊಮ್ಮಕ್ಕಳ ಲಗ್ನ ಆಗುತ್ತದೆ ಎಂದಳು. ಅಮಾತೆಪ್ಪನಿಗೆ ಸೆರಗು ಹೋದದ್ದು ದುಃಖವಾಗಲಿಲ್ಲ. ತನ್ನ ಮೂಗು ಗೆದ್ದದ್ದೇ ಸಾಕಾಗಿತ್ತು. ಹಂಡೆ, ರಾಟೆ ಎತ್ತಿಸಿಕೊಂಡು, ಜಲರೇಷ್ಮೆಯ ಮಾತು ಹೇಳಿದ್ದ ಮಾಸ್ತರನ ವಿದ್ಯೆಯನ್ನು ಹೊಗಳುತ್ತ ಹೊರಟ. ಜನ ಕರಗಿದರು.

ಶಿವಸಂಗಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಪೆಟ್ಟಿಗೆ ಉಳಿಯಿತು, ಮೀನು ಉಳಿದವು, ಹೇಳಿದ ಸುಳ್ಳು ಕೂಡ ಖರೆ ಆಯಿತು. ಇಂಥ ಆದಿತ್ಯವಾರ ಎಲ್ಲರಿಗೂ ಸಿಗುವುದಿಲ್ಲ. ಹೆಂಡತಿ ಚಹಾ ಮಾಡಿ ತಂದಳು, ಅವನ ಬಟ್ಟಲಿಗೆ ಮಾತ್ರ ಶುಂಠಿ ಹಾಕಿದ್ದಳು.

ಜಲಾಲುದ್ದೀನನೊಬ್ಬನೇ ಯಾಕೋ ಕೂತಲ್ಲಿ ಕೂರುತ್ತಿರಲಿಲ್ಲ. ಹೊತ್ತಾಯಿತು, ನಡೆ ಎಂದು ತಂಗಿಗೆ ಎರಡು ಸಲ ಹೇಳಿದ. ಮೂರನೆಯ ಸಲ ಕೆಮ್ಮಿದ.

"ಬಾಯಾರ, ಮರೋಳದ ಕಾಲುವ್ಯಾಗ ಇವು ಭಾಳ ಇರ್ತಾವೇನ್ರಿ?" ಎಂದು ಶೇಖವ್ವ ಅಲೀಮಾಳನ್ನು ಕೇಳಿದಳು. ಕೇಳಿದ್ದು ಬರಿಯ ಅಕ್ಕರೆಯಿಂದ.

"ಮರೋಳ?" ಎಂದಳು ಅಲೀಮಾ. "ಇವು ಮರೋಳದವಲ್ಲ ವೈನಿ."

"ಇವರು ಹೋದ ತಿಂಗಳ ಅಲ್ಲಿಂದಾನ ಕಲ್ಲ ತಂದ್ರು."

ಜಲಾಲುದ್ದೀನನಿಗೆ ಕೆಮ್ಮು ಜೋರಾಯಿತು. ಅಲೀಮಾ ಅಣ್ಣನಿಗೆ ನೀರಿನ ತಂಬಿಗೆ ಕೊಟ್ಟು, ಮಕ್ಕಳಿಗೆ ಪಾಠ ಹೇಳುವ ಉಮೇದಿಯಿಂದ ಕನ್ನಡಿಯನ್ನು ಮತ್ತೆ ಹಿಡಿದಳು. ಈ ಹುಳಕ್ಕೆ ಒಂದು ಗುಣ ಇದೆ, ತಾನು ಹುಟ್ಟಿದ ನೀರಿನ ತಳದಲ್ಲಿ ಏನು ಸಿಗುತ್ತದೋ ಅದರಿಂದಲೇ ಮನೆ ಕಟ್ಟುತ್ತದೆ. ಮನೆ ನೋಡಿದರೆ ಸಾಕು, ಊರು ಹೇಳಬಹುದು ಎಂದಳು. ಮರೋಳದ್ದು ಎರೆಮಣ್ಣು, ಅಲ್ಲಿನ ಹುಳ ಇದ್ದರೆ ಕರಿ ಅಂಗಿ ತೊಟ್ಟಿರಬೇಕಿತ್ತು.

ಶಿವಸಂಗಪ್ಪ ಕಣ್ಣು ತೆರೆದ. ಕೆಂಪು ಕಲ್ಲು ಎಂದರೆ ಇಳಕಲ್ಲಿನದ್ದೇ, ನಮ್ಮ ಖಣಿಯ ಪುಡಿ ಗಾಳಿಗೆ ಹಾರಿ ಪೆಟ್ಟಿಗೆಗೆ ಬಿದ್ದಿರಬೇಕು ಎಂದು ಆತುರದಿಂದ ಹೇಳಿದ.

"ಇಳಕಲ್ಲ ಕಲ್ಲಿನ ಪುಡಿ ಚೂಪ ಇರ್ತೈತಿ, ಮಿಂಚತೈತಿ," ಎಂದು ಅಲೀಮಾ ಮುಗ್ಧವಾಗಿ ತಲೆಯಾಡಿಸಿದಳು. "ಇದು ನೀರಾಗ ಉರುಳಿ ಗುಂಡಗಾದ ಉಸುಕು. ಬಾದಾಮಿ ಗುಡ್ಡದ್ದು. ಮತ್ತ ಈ ಹುಳಕ್ಕ ಬುಗ್ಗಿ ನೀರ ಬೇಕು. ನಾ ಕಣ್ಣ ಮುಚ್ಚಿ ಹೇಳ್ತೇನಿ ವೈನಿ, ಇದು ಮಹಾಕೂಟದ ಹೊಂಡದಿಂದ ಹೊರಗ ಹರಿಯೂ ನೀರಿಂದು. ವರ್ಷಾ ನಮ್ಮ ಹುಡುಗೂರನ್ನ ಕರಕೊಂಡು ಅಲ್ಲಿಗೇ ಹೋಗ್ತೇನಿ. ನಮ್ಮಣ್ಣಗೂ ಆ ಜಾಗ ಚಲೋ ಗೊತ್ತೈತಿ, ದಸರಾ ಆದ ಮ್ಯಾಲ ಒಂದು ಆದಿತ್ಯವಾರ ದಿನಾ ಪೂರ್ತಿ ಅಲ್ಲೇ ಈಜಿ ಬಂದಾನ. ಹೌದಿಲ್ಲ ಭಾಯಿ?"

ಭಾಯಿ ತಂಬಿಗೆಯನ್ನು ಬಾಯಿಂದ ಇಳಿಸಲೇ ಇಲ್ಲ.

ಶೇಖವ್ವ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟಳು. ದಸರೆಯ ನಂತರದ ಆದಿತ್ಯವಾರ. ಎಲೆ-ಅಡಿಕೆ ಕಟ್ಟಿಸಿಕೊಂಡು ಮರೋಳಕ್ಕೆ ಹೇಳಿಕೆಗೆ ಹೋದ ಗಂಡ. ಸಂಜೆ ಒದ್ದೆ ಕೂದಲಲ್ಲಿ, ಕೈಚೀಲದಲ್ಲಿ ಕಲ್ಲು ಹೊತ್ತು ಬಂದ ಗಂಡ. ಒಂದೊಂದೇ ಹರಳು ಕೂರಿಸುತ್ತ ಆಕೆಯೂ ತನ್ನಷ್ಟಕ್ಕೆ ಒಂದು ಮನೆ ಕಟ್ಟಿ ಮುಗಿಸಿದಳು.

"ಅವತ್ತ ಅರ್ಧ ಕಿಲೋ ಕರದಂಟ ತಂದಿದ್ರಿ," ಎಂದಳು. ದನಿ ಶಾಂತವಾಗಿತ್ತು. "ಬಾದಾಮಿ ಹಾದ್ಯಾಗಿನ ಅಮೀನಗಡದ್ದು. ಮರೋಳದ ಹಾದ್ಯಾಗ ಅಮೀನಗಡ ಎಲ್ಲಿ ಬಂತು ಅಂತ ನಾ ಕೇಳಿದ್ರ, ಹುನಗುಂದದ ಬಸ್ ಸ್ಟ್ಯಾಂಡಿನಾಗ ಸಿಕ್ತು ಅಂದ್ರಿ. ನಾ ಅದನ್ನ ತಿನಕೋತ ಕುಂತು ನಮ್ಮಣ್ಣಗ ಬೈದೆ."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಶಿವಸಂಗಪ್ಪ ಎಲ್ಲವನ್ನೂ ಹೇಳಿದ. ಮಹಾಕೂಟದಲ್ಲಿ ಒಂದು ಮುಳುಗು ಹಾಕಿ ಮಧ್ಯಾಹ್ನಕ್ಕೆ ಮರೋಳಕ್ಕೆ ಹೋಗುವ ವಿಚಾರವಿತ್ತು. ನೀರು ಚೆನ್ನಾಗಿತ್ತು, ಬಸ್ಸು ತಪ್ಪಿತು. ನಾಳೆ ಹೋದರಾಯಿತು ಎಂದುಕೊಂಡು, ಹೇಳಿಕೆ ಕೊಟ್ಟು ಬಂದೆ ಎಂದ. ನಾಳೆ ಎಂಬುದು ನಾಡಿದ್ದಾಯಿತು, ನಾಡಿದ್ದು ಎಂಬುದು ಜವಳದ ಹಿಂದಿನ ದಿನವಾಯಿತು. ಆಗ ಬೇರೆ ದಾರಿ ಕಾಣದೆ, ಕಾಶಪ್ಪನಿಗೆ ಇಲ್ಲದ ನೀರಿನ ಪಾಳಿ ಹಚ್ಚಿದ. ಹೇಳಿ ಮುಗಿಸಿದಾಗ, ಮಣಭಾರ ಇಳಿಸಿದ ಹಮಾಲನ ಹಾಗೆ ಅವನಿಗೆ ನಿಜಕ್ಕೂ ಹಗುರೆನಿಸಿತು. ಒಂದು ತಿಂಗಳಿಂದ ಹೆಂಡತಿ ಅಣ್ಣನನ್ನು ಬೈದಾಗಲೆಲ್ಲ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಜಲಾಲುದ್ದೀನ ತಂಗಿಯನ್ನು ಕರೆದುಕೊಂಡು ಯಾವಾಗ ಹೋದನೋ ತಿಳಿಯಲಿಲ್ಲ.

ಶೇಖವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಳುವಿನ ಕೆಳಗೆ ಸಂತೋಷವೂ ಇತ್ತು. ಅಣ್ಣ ತನ್ನನ್ನು ಮರೆತಿರಲಿಲ್ಲ, ಅವನನ್ನು ಯಾರೂ ಕರೆದೇ ಇರಲಿಲ್ಲ. ಸಂಗುವಿನ ಬೋಳು ತಲೆಯಲ್ಲಿ ತಿಂಗಳಿಗೆ ಮತ್ತೆ ಚಿಗುರಿದ್ದ ಎಳೆಗೂದಲಿನ ಮೇಲೆ ಕೈಯಾಡಿಸಿ, ನಾಳೆ ಬಿಟ್ಟು ಮುಂದಿನ ಸೋಮವಾರ ಕಾಶಪ್ಪಣ್ಣ ಬಂದು ಕತ್ತರಿ ಹಿಡಿಯಬೇಕು ಎಂದು ನಿರ್ಧರಿಸಿಬಿಟ್ಟಳು. ಒಳಗೆ ಹೋಗಿ ಎಲೆ, ಅಡಿಕೆ, ಕುಂಕುಮದ ಬಟ್ಟಲು, ಅತ್ತಿಗೆಗೆ ಒಂದು ಕುಬಸದ ಕಣ, ಎಲ್ಲ ಚೀಲಕ್ಕೆ ಹಾಕಿ ತಂದು ಗಂಡನ ಕೈಗೆ ಕೊಟ್ಟಳು.

"ನಾಳೆ ಮುಂಜಾನೆದ್ದು ಹೋಗ್ತೇನಿ," ಎಂದ ಶಿವಸಂಗಪ್ಪ. "ಇವತ್ತ ಸಂಜೀ ಮುಂದ ಮನೀ ಬಿಟ್ಟು ಹೋಗಬ್ಯಾಡ್ರಿ ಅಂತ ಕಲ್ಲಪ್ಪ ಹೇಳ್ಯಾನ."

"ನಿಮ್ಮ ನಾಳೆ ನಾ ನೋಡೇನಿ. ಪೆಟ್ಟಿಗಿ ಒಳಗ ಇರ್ಲಿ, ಪಾಪ, ಖರೆ ಹೇಳೂ ಹುಳ ಅವು. ನೀವು ನಡೀರಿ ಹೊರಗ."

ಹೀಗೆ ಶೇಖವ್ವ ಮುಂಜಾನೆ ಹೇಳಿದ ಮಾತಿನಂತೆಯೇ, ದೀಪ ಹಚ್ಚುವ ಹೊತ್ತಿಗೆ ಮನೆಯಿಂದ ಒಂದು ಹೊರಗೆ ಹೋಯಿತು. ಅದು ಪೆಟ್ಟಿಗೆಯಾಗಿರಲಿಲ್ಲ. ಅಂಗಳ ದಾಟುವಾಗ ಶಿವಸಂಗಪ್ಪ ಒಮ್ಮೆ ತಿರುಗಿ ನೋಡಿದ. ಕಿಟಕಿಯಲ್ಲಿ, ಅವನದೇ ಕುರ್ಚಿಯ ಮೇಲೆ, ಹೆಂಡತಿ ಮಗನನ್ನು ತೊಡೆಯಲ್ಲಿ ಕೂರಿಸಿಕೊಂಡು ನೀರೊಳಗಿನ ಗುಡ್ಡವನ್ನು ನೋಡುತ್ತಿದ್ದಳು, ಕೈಯಲ್ಲಿ ಅವನು ಅರ್ಧ ಕುಡಿದು ಬಿಟ್ಟಿದ್ದ ಶುಂಠಿ ಚಹಾ ಇತ್ತು. ಆ ನೋಟ ಅವನಿಗೆ ಚೆಂದವೇ ಅನಿಸಿತು.

ಹುನಗುಂದದ ಕಡೆಯ ಬಸ್ಸು ತುಂಬಿ ಬಂದಿತ್ತು. ನುಗ್ಗಿ ನುಗ್ಗಿ ಅವನಿಗೆ ನಡುವಿನಲ್ಲಿ, ಇಬ್ಬರ ನಡುವೆ ಒಂದು ಸೀಟು ಸಿಕ್ಕಿತು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಊರು ಬಿಟ್ಟು ಕತ್ತಲಿಗೆ ಹೊರಳಿತು. ಪಕ್ಕದವನ ಕೈಗಡಿಯಾರದಲ್ಲಿ ಆಗ ಸರಿಯಾಗಿ ಆರೂವರೆ. ಕಲ್ಲಪ್ಪ ಮಾತಿಗೆ ತಪ್ಪುವ ಮನುಷ್ಯನಲ್ಲ ಎಂಬುದು ಶಿವಸಂಗಪ್ಪನಿಗೆ ಮೊದಲ ತಿರುವಿನಲ್ಲೇ ತಿಳಿಯಿತು.